ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಟ್ಯಾಲಿ ಲೆಕ್ಕ ಇಟ್ಟಿರುವ ವಿಂಡೋಸ್ 10ರ ಸಿ ಡ್ರೈವ್ 40 ಜಿಬಿ ತುಂಬಿದೆ. ಸ್ನ್ಯಾಪ್‌ಶಾಟ್ ಕೂಡ ತೆಗೆದಿಟ್ಟಿದ್ದೇನೆ. 80ಕ್ಕೆ ಏರಿಸಿದರೂ ಒಳಗೆ 40 ಎಂದೇ ತೋರಿಸುತ್ತಿದೆ, ಏನು ಮಾಡಲಿ?

ಸ್ನ್ಯಾಪ್‌ಶಾಟ್, ಅಂದರೆ ಹಿಂದಿನ ಸ್ಥಿತಿಗೆ ಮರಳಲು ಹಾಕಿಟ್ಟ ಗುರುತು, ಇದೆಯಲ್ಲ, ಅದೇ ಕಾರಣ. ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಲೆಕ್ಕಕ್ಕೆ ನಾನು ಇಟ್ಟುಕೊಟ್ಟಿದ್ದ ವಿಎಂನಲ್ಲೂ (ವರ್ಚುವಲ್ ಮಷೀನ್, ಒಳಗಿನ ಕಂಪ್ಯೂಟರ್) ಥೇಟ್ ಹೀಗೇ ಆಗಿತ್ತು.

ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಒಳಗಿನ ಕಂಪ್ಯೂಟರಿಗೆ ಡಿಸ್ಕ್ ಆಗಿರುವ ಮೂಲ ವಿಡಿಐ ಫೈಲಿಗೆ ಒಂದಕ್ಷರವೂ ಹೋಗುವುದಿಲ್ಲ. ಆಮೇಲಿನದೆಲ್ಲ ಸ್ನ್ಯಾಪ್‌ಶಾಟ್ಸ್ ಫೋಲ್ಡರಿನ ಇನ್ನೊಂದು ಫೈಲಿಗೆ ಬೀಳುತ್ತದೆ, ಆ ಫೈಲಿಗೆ ತನ್ನದೇ ಸೈಜ್ ಇರುತ್ತದೆ. ಹಿಗ್ಗಿದ್ದು ಮೂಲ ಫೈಲು, ವಿಂಡೋಸ್ ನೋಡುತ್ತಿರುವುದು ಎರಡನೆಯದನ್ನು. ಇಷ್ಟು ಗೊತ್ತಿಲ್ಲದೆ, ಡಿಲೀಟ್ ಒತ್ತಿದರೆ ಡೇಟಾ ಹೋದೀತೆಂದು ಹೆದರಿ ನಾನು ರಿಸ್ಟೋರ್ ಒತ್ತಿದೆ. ಆಗಬೇಕಿದ್ದುದು ಪೂರಾ ಉಲ್ಟಾ. ಡಿಲೀಟ್ ಮಾಡಿದರೆ ಹೋಗುವುದು ಹಿಂದಕ್ಕೆ ಮರಳುವ ದಾರಿ ಮಾತ್ರ. ಎರಡು ಫೈಲೂ ಬೆರೆತು ಇವತ್ತಿನ ಡೇಟಾ ಹಾಗೇ ಉಳಿಯುತ್ತದೆ. ರಿಸ್ಟೋರ್ ಮಾಡಿದರೆ ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಬರೆದದ್ದೆಲ್ಲ ಮಾಯ. ಈಗಿನ ಸ್ಥಿತಿಯನ್ನೂ ಉಳಿಸಿಕೊಳ್ಳುವ ಟಿಕ್ ಅದೇ ಕಿಟಕಿಯಲ್ಲಿತ್ತು, ಅದನ್ನೂ ತೆಗೆದಿದ್ದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆವಾರು ಚೀಟಿ ಕಟ್ಟು ಬಿಚ್ಚಿ, ಗುಮಾಸ್ತರ ಪಕ್ಕ ಕೂತು ಎಂಟ್ರಿಗಳನ್ನು ಮತ್ತೆ ಹೊಡೆಯಬೇಕಾಯಿತು.

ಆದ್ದರಿಂದ ಮೊದಲು ವಿಎಂ ಪೂರ್ತಿ ಶಟ್‌ಡೌನ್ ಮಾಡಿ, ಸೇವ್ ಸ್ಟೇಟ್ (ಇದ್ದ ಸ್ಥಿತಿಯಲ್ಲೇ ನಿಲ್ಲಿಸಿಡುವುದು) ಸಾಲದು. ಇಡೀ ವಿಎಂ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಆ ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ, ಎನ್‌ಟಿಎಫ್‌ಎಸ್‌ನಂಥದ್ದು ಬೇಕು. ಆಮೇಲೆ ಸ್ನ್ಯಾಪ್‌ಶಾಟ್‌ಗಳನ್ನು ಒಂದೊಂದಾಗಿ ಡಿಲೀಟ್ ಮಾಡಿ. ಬೆರೆಯುವಾಗ ಹೋಸ್ಟ್, ಅಂದರೆ ಹೊರಗಿನ ನಿಜವಾದ ಕಂಪ್ಯೂಟರಿನ, ಡಿಸ್ಕಿನಲ್ಲಿ ಹೆಚ್ಚುವರಿ ಜಾಗ ಬೇಕಾಗಬಹುದು, ಹೊತ್ತೂ ಹಿಡಿಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿ ಎದ್ದರೆ ಕರೆಂಟ್ ಇರುವುದಿಲ್ಲವಲ್ಲ, ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಇನ್ನು ಸಿ ಹಿಗ್ಗಿಸುವ ಯೋಚನೆಯೇ ನನಗೆ ಒಪ್ಪಿಗೆಯಿಲ್ಲ. 80 ಆದ ಮೇಲೂ ವಿಂಡೋಸ್‌ನಲ್ಲಿ ಸಿ ಹಿಗ್ಗಿಸುವ ಎಕ್ಸ್‌ಟೆಂಡ್ ವಾಲ್ಯೂಮ್ ಆಯ್ಕೆ ಮಂಕಾಗಿಯೇ ಇರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಸಿ ಮತ್ತು ಹೊಸ ಖಾಲಿ ಜಾಗದ ನಡುವೆ ವಿಂಡೋಸ್ ರಿಪೇರಿಗೆಂದು ಇಟ್ಟ ರಿಕವರಿ ಪಾರ್ಟಿಷನ್ ಸಾಮಾನ್ಯವಾಗಿ ಅಡ್ಡ ಕೂತಿರುತ್ತದೆ. ಅದನ್ನು ಸರಿಸಲು ಜಿಪಾರ್ಟೆಡ್ ಎಂಬ ಸಾಫ್ಟ್‌ವೇರಿನ ಐಎಸ್‌ಒ ಫೈಲಿನಿಂದ ಬೂಟ್ ಮಾಡಬೇಕು, ಅದಕ್ಕೂ ಮುಂಚೆ ಶಿಫ್ಟ್ ಒತ್ತಿ ಹಿಡಿದು ವಿಂಡೋಸ್ ಪೂರ್ತಿ ಶಟ್‌ಡೌನ್ ಮಾಡಿರಬೇಕು. ಒಮ್ಮೆ ಹಿಗ್ಗಿಸಿದ ವಿಡಿಐಯನ್ನು ವರ್ಚುವಲ್‌ಬಾಕ್ಸ್ ಮತ್ತೆ 40ಕ್ಕೆ ಕುಗ್ಗಿಸಿಕೊಡುವುದೂ ಇಲ್ಲ.

ಬದಲಿಗೆ ಎರಡನೇ ಡಿಸ್ಕ್ ಕೊಡಿ. ಸೆಟ್ಟಿಂಗ್ಸ್, ಸ್ಟೋರೇಜ್, ಸಾಟಾ ಕಂಟ್ರೋಲರ್ ಪಕ್ಕದ ಪ್ಲಸ್ ಒತ್ತಿ 60 ಜಿಬಿಯ ಡೈನಾಮಿಕ್ ವಿಡಿಐ ಮಾಡಿ. ಒಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಜಿಪಿಟಿ ಎಂದು ಇನಿಷಿಯಲೈಸ್ ಮಾಡಿ, ನ್ಯೂ ಸಿಂಪಲ್ ವಾಲ್ಯೂಮ್ ಕೊಟ್ಟರೆ ಹೊಸ ಡ್ರೈವ್ ಸಿದ್ಧ. ಟ್ಯಾಲಿ ಮುಚ್ಚಿ ಡೇಟಾ ಫೋಲ್ಡರ್ ಅಲ್ಲಿಗೆ ಸಾಗಿಸಿ, ಡೇಟಾ ಪಾತ್ ಬದಲಿಸಿ. ವಿಂಡೋಸ್ ಕೆಟ್ಟರೂ ಈ ವಿಡಿಐಯನ್ನು ಇನ್ನೊಂದು ವಿಎಂಗೆ ಸಿಕ್ಕಿಸಿದರೆ ಲೆಕ್ಕ ಸಿಗುತ್ತದೆ.

60 ಎಂದರೂ ಡೈನಾಮಿಕ್ ಫೈಲು ಶುರುವಿನಲ್ಲಿ ಚಿಕ್ಕದೇ, ಬರೆದಂತೆ ಬೆಳೆಯುತ್ತದೆ. ಹೋಸ್ಟ್‌ನ ಡಿಸ್ಕ್ ತುಂಬಿದರೆ ವಿಎಂ ಕೆಲಸದ ನಡುವೆಯೇ ಇದ್ದಲ್ಲೇ ನಿಂತುಬಿಡುತ್ತದೆ. ಅಲ್ಲಿ ಎಷ್ಟು ಖಾಲಿ ಇದೆ ಎಂದು ನೀವು ಬರೆದಿಲ್ಲ, ಅದನ್ನು ನೋಡಿಕೊಂಡೇ ಸೈಜ್ ಕೊಡಿ.