ಮೈಕ್ ಹಿಡಿದ ಮೇಲೆ ಮಗಳ ಮಾತೇ ಬದಲಾಗಿದೆ

ಪ್ರಶ್ನೆ: ನನ್ನ ಮಗಳು ನಿರೂಪಣೆಯ ತರಬೇತಿಗೆ ಸೇರಿದ ಮೇಲೆ ಮನೆಯಲ್ಲೂ ಎಳೆದೆಳೆದು ಮಾತಾಡುತ್ತಾಳೆ. ‘ಬೆಳಿಗ್ಗೆ’ ಹೋಗಿ ‘ಬೆಲಿಗ್ಗೆ’ ಆಗಿದೆ. ತಿದ್ದಲು ಹೋದರೆ, ‘ನಿನ್ನ ಹಾಗೆ ಮಾತಾಡಿದರೆ ಹಳ್ಳಿ ಗುಗ್ಗು ಅಂತಾರಮ್ಮ’ ಅನ್ನುತ್ತಾಳೆ. ಏನು ಮಾಡಲಿ ಮೇಡಂ?
– ಓದುಗರೊಬ್ಬರು, ತಿಪಟೂರು

ಉತ್ತರ: ಬೈಯಬೇಡಿ ಅಮ್ಮಾ. ಮೈಕ್ ಮುಂದೆ ಕೂತ ಹೊಸಬರಿಗೆ ತಮ್ಮ ಮಾತು ಸಾಲದು ಅನ್ನಿಸಿಬಿಡುತ್ತದೆ. ನಾನು ಬಾನುಲಿಯಲ್ಲಿ ಉದ್ಘೋಷಕಿಯಾಗಿದ್ದಾಗ ಇದನ್ನು ತುಂಬ ನೋಡಿದ್ದೇನೆ. ಕ್ಯಾಂಟೀನಿನಲ್ಲಿ ಪಟಪಟ ಮಾತಾಡುತ್ತಿದ್ದ ಹುಡುಗಿ, ಸ್ಟುಡಿಯೊದ ಕೆಂಪು ದೀಪ ಹತ್ತಿದೊಡನೆ ಪುಸ್ತಕ ಒಪ್ಪಿಸುವವಳಂತೆ ಆಗಿಬಿಡುತ್ತಿದ್ದಳು. ಆಗಿನ ಸೋಗು ಗ್ರಾಂಥಿಕದ್ದು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾದಾಗ, ಸದ್ಯ, ಆಡುಮಾತಿಗೆ ಜಾಗ ಸಿಕ್ಕಿತು ಎಂದು ನನಗೆ ಖುಷಿಯಾಗಿತ್ತು. ಬರಬರುತ್ತ ಅದಕ್ಕೂ ಒಂದು ಧಾಟಿ ಅಂಟಿಕೊಂಡಿತು. ಪ್ರತಿ ವಾಕ್ಯದ ಬಾಲ ಎತ್ತುವುದು, ಳಕಾರ ನುಂಗುವುದು.

ಳಕಾರ ಕಷ್ಟದ್ದೇನಲ್ಲ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಿಗೆ ತಾಗಬೇಕು, ಅಷ್ಟೆ. ಮಾತು ಕಲಿತಾಗಿನಿಂದ ನಿಮ್ಮ ಮಗಳಿಗೆ ಅದು ರೂಢಿ. ನಾಳೆ ಕೃಷಿ ಕಾರ್ಯಕ್ರಮದಲ್ಲಿ ‘ರಾಗಿ ಬೆಳೆಗೆ ಬೆಲೆ ಸಿಕ್ಕಿಲ್ಲ’ ಎಂದು ಓದಬೇಕಾದರೆ ಹೇಗೆ ಓದುತ್ತಾಳೆ, ಕೇಳಿ ನೋಡಿ.

ಹಾಲಿಗೆ ‘ಆಲು’ ಅನ್ನುವ ರೈತನ ವಿಷಯ ಬೇರೆ. ಅವನದು ಸೋಗಲ್ಲ, ಅವನ ಊರೆಲ್ಲ ಆಡುವ ಮಾತು. ಅವನನ್ನು ನೋಡಿ ನಗುವವರ ಮೇಲೆ ನನಗೆ ಸಿಟ್ಟಿದೆ. ನಿಮ್ಮ ಮಗಳನ್ನು ಹೆದರಿಸಿರುವುದೂ ಆ ನಗುವೇ.

ಒಂದು ಕೆಲಸ ಮಾಡಿ. ಅವಳು ಅಜ್ಜಿಯ ಹತ್ತಿರ ಮಾತಾಡುವಾಗ, ಅವಳಿಗೆ ಹೇಳಿಯೇ, ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಅದೇ ಸಂಗತಿಯನ್ನು ಅವಳು ಬರೆದುಕೊಂಡು ಮೈಕಿನಲ್ಲಿ ಓದಲಿ. ಎರಡನ್ನೂ ಒಬ್ಬಳೇ ಕೂತು ಕೇಳಲಿ, ನೀವು ಪಕ್ಕದಲ್ಲಿರಬೇಡಿ. ಎಲ್ಲಿ ಗಂಟಲು ಬಿಗಿದಿದೆ, ಎಲ್ಲಿ ಉಸಿರು ಸಲೀಸಾಗಿದೆ ಅನ್ನುವುದು ಅವಳ ಕಿವಿಗೇ ಬೀಳುತ್ತದೆ. ಕೇಳುವವರು ಸಾವಿರ ಜನ ಇರಬಹುದು, ನೀನು ಮಾತ್ರ ಎದುರಿಗೆ ಕೂತ ಒಬ್ಬರಿಗೆ ಹೇಳುತ್ತಿರುವಂತೆ ಓದು ಎಂದು ನನ್ನ ಹಿರಿಯರು ಕಲಿಸಿದ್ದರು. ಅವಳಿಗೂ ಅದನ್ನೇ ಹೇಳಿ. ಆಕಾಶವಾಣಿಯ ಧ್ವನಿ ಪರೀಕ್ಷೆಗೆ ಅರ್ಜಿ ಕರೆದಾಗ ತಪ್ಪದೆ ಹಾಕಿಸಿ. ಅಲ್ಲಿ ಉಚ್ಚಾರವನ್ನು ಕಿವಿಗೊಟ್ಟು ಕೇಳುತ್ತಾರೆ.