ಪೌಡ್ ಆಚೆಯ ಹತ್ತು ಗುಂಟೆಯಲ್ಲಿ ಎರಡು ಆಡು ಸಾಕಬಹುದಾ?

ನೀವು ಕೇಳಿದ್ದು ಇಷ್ಟು: ಪುಣೆಯ ಕೊಥ್ರೂಡ್‌ನಲ್ಲಿ ಮನೆ, ಪೌಡ್ ಊರಿನ ಆಚೆ ಹತ್ತು ಗುಂಟೆ ಜಾಗ. ಮಕ್ಕಳ ಖುಷಿಗೆ ಎರಡು ಆಡು ಸಾಕೋ ಆಸೆ. ಶನಿವಾರ, ಭಾನುವಾರ ನೀವು ಹೋಗ್ತೀರಿ, ಉಳಿದ ದಿನ ವಾಚ್‌ಮನ್ ನೋಡಿಕೊಂಡರೆ ನಡೆಯುತ್ತಾ, ದಿನಕ್ಕೆ ಎಷ್ಟು ಕೆಲಸ?

ಕೆಲಸ ಹೆಚ್ಚಿಲ್ಲ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಆದರೆ ಆ ವಾಚ್‌ಮನ್‌ಗೆ ಆಡಿನ ಬಗ್ಗೆ ಗೊತ್ತಿರಬೇಕು, ಇಲ್ಲಾ ಕಲಿಯೋ ಮನಸ್ಸಾದರೂ ಇರಬೇಕು. ಎರಡೂ ಇಲ್ಲದಿದ್ದರೆ ತರಬೇಡಿ ಅಂತಲೇ ಹೇಳ್ತೀನಿ.

ನಾವು ಮೂಲತಃ ಇಂಡಿ ಕಡೆಯವರು, ಈಗ ಸಾಸವಡದ ಹತ್ತಿರ ಇದ್ದೀವಿ. ಉಸ್ಮಾನಾಬಾದಿ ತಳಿಯ ಎರಡು ಹೆಣ್ಣು ಆಡು, ಬೀಜ ಒಡೆಸಿದ ಒಂದು ಗಂಡು. ಮಾರೋದಕ್ಕಲ್ಲ, ಕೊಯ್ಯೋದಕ್ಕೂ ಅಲ್ಲ. ಬೆಳಿಗ್ಗೆ ಸೊಪ್ಪು ಕಟ್ಟುವಾಗ ನಾನು ಸೊಪ್ಪಿಗಿಂತ ಆಡುಗಳನ್ನೇ ನೋಡ್ತಿರ್ತೀನಿ. ದಿನಾ ಮುಂದೆ ನುಗ್ಗೋದು ಇವತ್ತು ಹಿಂದೆ ನಿಂತಿದೆಯಾ? ಹಿಕ್ಕೆ ಬಿಡಿ ಬಿಡಿಯಾಗಿ ಬಿದ್ದಿದೆಯಾ, ಅಥವಾ ಮುದ್ದೆಯಾಗಿದೆಯಾ? ಮಧ್ಯಾಹ್ನ ಮಲಗಿದಾಗ ಮೆಲುಕು ಹಾಕ್ತಿದೆಯಾ? ಎಡಗಡೆ ಪಕ್ಕೆಲುಬಿನ ಹಿಂದಿನ ಗುಳಿ ಉಬ್ಬಿ ಬಿಗಿಯಾಗಿದ್ದರೆ ಹೊಟ್ಟೆ ಉಬ್ಬರ. ಅದು ಜೋರಾದರೆ ಕೆಲವೇ ತಾಸಿನಲ್ಲಿ ಪ್ರಾಣ ಹೋಗುತ್ತೆ. ಶನಿವಾರ ಬಂದು ನೋಡ್ತೀನಿ ಅಂದರೆ ನಡೆಯಲ್ಲ.

ಇನ್ನೊಂದು, ಕಣ್ಣಿನ ಕೆಳರೆಪ್ಪೆ. ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಜಗ್ಗಿ ಒಳಗಿನ ಬಣ್ಣ ನೋಡಬೇಕು. ಕೆಂಪಗಿದ್ದರೆ ಸರಿ. ಬಿಳಿಚಿದ್ದರೆ ಹೊಟ್ಟೆಯ ಜಂತು ರಕ್ತ ಹೀರ್ತಿದೆ ಅಂತ ಅನುಮಾನ ಪಡಬೇಕು. ಕೆಲವು ಸಲ ದವಡೆ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ ಕೂಡ ಬರುತ್ತೆ. ಮಳೆಗಾಲದಲ್ಲಿ ಇದನ್ನು ವಾರಕ್ಕೊಂದು ಸಲವಾದರೂ ನೋಡಿ.

ಮಳೆಯ ವಿಷಯಕ್ಕೆ ಬಂದರೆ ನಿಮ್ಮ ಜಾಗವೇ ಕಷ್ಟದ್ದು. ನಮ್ಮ ಪುರಂದರ ತಾಲೂಕು ಮಳೆ ಕಡಿಮೆಯ ಸೀಮೆ, ಆಡಿಗೆ ಹೇಳಿ ಮಾಡಿಸಿದ ಹವೆ. ನಿಮ್ಮದು ಮುಳಶಿ ತಾಲೂಕು, ತಾಮ್ಹಿಣಿ ಘಾಟಿನ ಮಗ್ಗುಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗೋದೇ ಇಲ್ಲ. ಆಡಿಗೆ ಮೈ ನೆಂದರೆ ಆಗಲ್ಲ, ಒದ್ದೆ ನೆಲದಲ್ಲಿ ಗೊರಸು ಕೊಳೆಯುತ್ತೆ. ಜಂತಿನ ಮರಿಗಳು ಒದ್ದೆ ಹುಲ್ಲಿನ ಬುಡದಲ್ಲಿ ಗೇಣುದ್ದದೊಳಗೇ ಇರ್ತವೆ. ಅದಕ್ಕೆ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಹಲಗೆಯ ಅಟ್ಟ ಕಟ್ಟಿಸಿ. ಹಿಕ್ಕೆ, ಉಚ್ಚೆ ಕೆಳಗೆ ಬೀಳೋ ಹಾಗೆ ಸಂದು ಇರಲಿ, ಕಾಲು ಸಿಕ್ಕಿಬೀಳೋವಷ್ಟು ಅಗಲ ಬೇಡ. ಒಂದು ಆಡಿಗೆ ಸೂರಿನಡಿ ಹತ್ತು ಚದರಡಿ, ಹೊರಗೆ ಬಯಲು ಇಪ್ಪತ್ತು ಚದರಡಿ ಸಾಕು. ಇಬ್ಬನಿ ಆರಿದ ಮೇಲೆಯೇ ಹೊರಗೆ ಬಿಡಿ. ರಾತ್ರಿಗೆ ಮೇಲ್ಗಡೆಯೂ ಜಾಳಿಗೆ ಬಿಗಿದ ಕೊಟ್ಟಿಗೆ ಬೇಕು. ಜುನ್ನರ್‌ನ ಕಬ್ಬಿನ ಗದ್ದೆಯ ಚಿರತೆಗಳ ಸುದ್ದಿ ಓದಿಯೇ ಇರ್ತೀರಿ, ಕಾಡಿನ ಅಂಚಿನ ನಿಮ್ಮ ಕಡೆಯೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ.

ಮೇವು. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಮಾಡಿದವರು ಆಡು ಸಾಕಿರಲಿಲ್ಲ ಅನಿಸುತ್ತೆ! ನೆಲಕ್ಕೆ ಬಿದ್ದು ತುಳಿದ ಸೊಪ್ಪನ್ನು ನಮ್ಮ ಚಂದ್ರಿ ಮೂಸಿ, ಮುಖ ತಿರುಗಿಸಿ ಹೋಗ್ತಾಳೆ. ಕಟ್ಟು ಕಟ್ಟಿ ಎದೆಮಟ್ಟಕ್ಕೆ ತೂಗು ಹಾಕಿದರೆ ಹಿಂಗಾಲ ಮೇಲೆ ನಿಂತು ಮೊದಲು ತುದಿ, ಆಮೇಲೆ ಎಲೆ, ಕೊನೆಗೆ ತೊಗಟೆ. ಮೂವತ್ತು ಕಿಲೋ ತೂಗೋ ಆಡಿಗೆ ದಿನಕ್ಕೆ ಮೂರ್ನಾಲ್ಕು ಕಿಲೋ ಹಸಿ, ಒಂದು ಕಿಲೋ ಒಣ ಮೇವು ಬೇಕು. ನಾವು ತೊಗರಿ ಹೊಟ್ಟು, ಶೇಂಗಾ ಹೊಟ್ಟು ಹಾಕ್ತೀವಿ. ಬೇಲಿಯುದ್ದಕ್ಕೂ ನುಗ್ಗೆ, ಅಗಸೆ, ಸುಬಾಬುಲ್ ಈಗಲೇ ನೆಡಿ. ಇಲ್ಲಿಯವರು ಅಗಸೆಗೆ ಹಾದಗಾ ಅಂತಾರೆ. ಸುಬಾಬುಲ್ ಮಾತ್ರ ಹಸಿ ಮೇವಿನ ಮೂರನೇ ಒಂದು ಪಾಲು ಮೀರಬಾರದು. ಫಾರ್ಮ್‌ಹೌಸ್ ಗೇಟಿಗೆ ಅಂದಕ್ಕೆ ಕಣಗಿಲೆ ಹಚ್ಚಿದ್ದರೆ ಬೇರು ಸಮೇತ ಕೀಳಿಸಿ, ಅದು ಕಡು ವಿಷ. ಎಳೇ ಜೋಳದ ಚಿಗುರೂ ಹಾಗೆಯೇ. ಮಾವಿನ ಸಸಿ ಇದ್ದರೆ ತಂತಿ ಸುತ್ತಿ, ಇಲ್ಲಾ ಅದರ ಆಸೆ ಬಿಡಿ.

ಯಾವುದು ತರಬೇಕು? ಒಂದೇ ಒಂದು ತರಬೇಡಿ, ಹಗಲೆಲ್ಲ ಕೂಗುತ್ತೆ. ಬೀಜ ಒಡೆಸದ ಹೋತ ಬೇಡವೇ ಬೇಡ, ಬೆದೆಗೆ ಬಂದಾಗ ಆ ವಾಸನೆಗೆ ನಿಮ್ಮ ಮಕ್ಕಳೇ ಹತ್ತಿರ ಹೋಗಲ್ಲ. ಹೆಣ್ಣಿಗೆ ಗಬ್ಬ ಕಟ್ಟಿಸಿದರೆ 150 ದಿನಕ್ಕೆ ಈಯುತ್ತೆ, ಉಸ್ಮಾನಾಬಾದಿಯಲ್ಲಿ ಅವಳಿ ಮರಿ ಸಾಮಾನ್ಯ. ಎರಡು ಇದ್ದದ್ದು ಆರಾಗುತ್ತೆ, ಮರಿಗಳಲ್ಲಿ ಗಂಡಿದ್ದರೆ ಬಕ್ರೀದ್‌ಗೆ ಮುಂಚೆ ಗಿರಾಕಿಗಳು ಗೇಟಿಗೇ ಬರ್ತಾರೆ. ಆಗ ಮಕ್ಕಳಿಗೆ ಏನು ಹೇಳ್ತೀರಿ ಅಂತ ಈಗಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ. ಹಾಲಿನ ಆಸೆ ಇಲ್ಲದಿದ್ದರೆ ಬೀಜ ಒಡೆಸಿದ ಎರಡು ಗಂಡು ಮರಿಯೇ ವಾಸಿ, ಸಾಧು ಇರ್ತವೆ. ಅವಕ್ಕೆ ಕಾಳು, ಹಿಂಡಿ ಅಂತ ಪ್ರೀತಿಗೆ ಸುರಿಯಬೇಡಿ, ಮೂತ್ರದಲ್ಲಿ ಹರಳು ಕಟ್ಟುತ್ತೆ. ಬೆನ್ನು ಬಾಗಿಸಿ ಉಚ್ಚೆ ಹೊಯ್ಯೋಕೆ ತಿಣುಕುತ್ತಾ ನಿಂತಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಒಯ್ಯಬೇಕು.

ಚಾಕಣದ ಶನಿವಾರದ ಸಂತೆಯಲ್ಲಿ ಆಡು ಸಿಗ್ತವೆ. ಆದರೆ ಪರಿಚಯದ ರೈತರ ಮನೆಯಿಂದ ತಂದರೆ ರೋಗದ ಭಯ ಕಡಿಮೆ. ಪಿಪಿಆರ್ (ಆಡಿನ ಪ್ಲೇಗ್) ಲಸಿಕೆ, ಮತ್ತೆ ಮಳೆಗಾಲಕ್ಕೆ ಮುಂಚೆ ಇ.ಟಿ. (ಕರುಳಿನಲ್ಲಿ ವಿಷವೇರೋ ರೋಗ) ಲಸಿಕೆ ತಪ್ಪಿಸಬೇಡಿ, ಇ.ಟಿ.ಗೆ ಇಲ್ಲಿನ ಡಾಕ್ಟರು ಆಂತ್ರವಿಷಾರ ಅಂತಾರೆ. ಮೊದಲು ವಾಚ್‌ಮನ್‌ನ ಕರೆದುಕೊಂಡು ಹತ್ತಿರದ ಸರ್ಕಾರಿ ದನದ ದವಾಖಾನೆಗೆ ಹೋಗಿ ಬನ್ನಿ, ಡಾಕ್ಟರ ನಂಬರ್ ಅವನ ಫೋನಿನಲ್ಲೂ ಇರಲಿ. ಆಡು ತರೋದು ದೀಪಾವಳಿ ಆದಮೇಲೆ, ನೆಲ ಒಣಗಿದಾಗ.