11 ಸೆಕೆಂಡಿನಲ್ಲಿ ಕಾಣದ್ದು

ನಿಮ್ಮ ಪತ್ರ ತಲುಪಿತು. 74 ವರ್ಷದ ತಾಯಿಯನ್ನು ಓಪಿಡಿಗೆ ಕರೆದುಕೊಂಡು ಹೋಗಿದ್ದಿರಿ. ಕುರ್ಚಿಯಿಂದ ಎದ್ದು, ನಡೆದು, ತಿರುಗಿ ಬಂದು ಕೂರಲು ಅವರಿಗೆ 11 ಸೆಕೆಂಡು ಹಿಡಿಯಿತು. 'ಬೀಳುವ ಅಪಾಯ ಇಲ್ಲ' ಎಂದು ಚೀಟಿಯಲ್ಲಿ ಬರೆದು ಕಳಿಸಿದರು. ತಿಂಗಳು ಕಳೆಯುವುದರೊಳಗೆ ನಡುರಾತ್ರಿ ಹಾಸಿಗೆಯಿಂದ ಎದ್ದವರು ಎರಡು ಹೆಜ್ಜೆ ಇಡುವಷ್ಟರಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. "ಹಾಗಾದರೆ ಈ ಪರೀಕ್ಷೆ ಬರೀ ನಾಟಕವೇ?" ಎಂಬ ನಿಮ್ಮ ಸಿಟ್ಟು ಅರ್ಥವಾಗುತ್ತದೆ.

ನಾಟಕವಲ್ಲ. ಅದೊಂದನ್ನೇ ನೆಚ್ಚಿಕೊಂಡು ಚೀಟಿ ಬರೆದದ್ದು ತಪ್ಪು.

1991ರಿಂದ ಬಳಕೆಯಲ್ಲಿರುವ 'ಟೈಮ್ಡ್ ಅಪ್ ಅಂಡ್ ಗೋ' ಎಂಬ ಪರೀಕ್ಷೆ ಇದು. ಕೈ ಇರುವ ಕುರ್ಚಿ, 3 ಮೀಟರ್ ದೂರದಲ್ಲಿ ನೆಲದ ಮೇಲೊಂದು ಗೆರೆ, ಒಂದು ಸ್ಟಾಪ್‌ವಾಚ್ ಇದ್ದರೆ ಸಾಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅಪಾಯ ಎನ್ನುತ್ತದೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ. ವಯಸ್ಸಾದವರು ಬೀಳುವುದನ್ನು ತಡೆಯುವ ಬಗೆಗಿನ 2022ರ ಜಾಗತಿಕ ಮಾರ್ಗಸೂಚಿ 15 ಸೆಕೆಂಡು ದಾಟಬೇಕು ಎನ್ನುತ್ತದೆ. ತಜ್ಞರಲ್ಲೇ ಒಮ್ಮತವಿಲ್ಲದ ಗೆರೆಯ ಈಚೆಗೆ ನಿಂತವರೆಲ್ಲ ಕ್ಷೇಮ ಎನ್ನಲಾದೀತೇ? ಸೆಕೆಂಡಿಗಿಂತ ತಿರುಗುವ ರೀತಿಯನ್ನು ನೋಡಬೇಕು. ಒಂದೇ ಸಲಕ್ಕೆ ತಿರುಗದೆ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾರೆಯೇ, ಕೈ ಗೋಡೆಯನ್ನು ಹುಡುಕುತ್ತದೆಯೇ, ಮಾತಾಡಿಸಿದರೆ ಉತ್ತರ ಕೊಡಲು ನಿಂತೇಬಿಡುತ್ತಾರೆಯೇ? ಗಡಿಯಾರದ ಮೇಲೇ ಕಣ್ಣಿಟ್ಟವರಿಗೆ ಇದಾವುದೂ ಕಾಣುವುದಿಲ್ಲ.

ಇನ್ನು ಆ ರಾತ್ರಿಯ ವಿಷಯ. ಪತ್ರ ಓದಿ ರೋಗ ಹೇಳುವ ಧೈರ್ಯ ನಮಗಿಲ್ಲ. ಆದರೆ ಬಿಪಿ ಮಾತ್ರೆಯ ಜೊತೆಗೆ ಈಚೆಗೆ ನಿದ್ದೆ ಮಾತ್ರೆಯೂ ಸೇರಿದೆ ಎಂದು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಲ್ಲ, ನಮ್ಮ ಕಣ್ಣು ನಿಂತದ್ದು ಅಲ್ಲಿ. ಇಂಥ ಮಾತ್ರೆಗಳಿಂದ ಎದ್ದು ನಿಂತಾಗ ಬಿಪಿ ಇಳಿಯಬಹುದು, ತೂರಾಟ ಬರಬಹುದು. ಓಪಿಡಿಯಲ್ಲಿ ಬಿಪಿ ನೋಡುವುದು ಸಾಮಾನ್ಯವಾಗಿ ಕೂರಿಸಿ. ಬೀಳುವವರ ವಿಷಯದಲ್ಲಿ ಅದು ಸಾಲದು. 5 ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಮತ್ತೊಮ್ಮೆ ನೋಡಬೇಕು. ನಿಂತ ಮೇಲೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಹುಡುಕಬೇಕು. ಹಗಲಲ್ಲಿ ಚುರುಕಾಗಿ ನಡೆಯುವವರೂ ರಾತ್ರಿ ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುವುದುಂಟು. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ನೆಗಡಿ, ಅಲರ್ಜಿಗೆ ಅಂಗಡಿಯಿಂದ ತಂದದ್ದೂ ಸೇರಿ ಎಲ್ಲ ಮಾತ್ರೆಗಳನ್ನೂ ಡಾಕ್ಟರ ಮೇಜಿನ ಮೇಲಿಡಿ.

ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದಿರಾ, ನಿಂತಾಗ ನಡೆದಾಗ ತೂರಾಡಿದಂತಾಗುತ್ತದೆಯೇ, ಬೀಳುವ ಭಯವಿದೆಯೇ? ಸ್ಟಾಪ್‌ವಾಚಿಗೆ ಮೊದಲು ಬರಬೇಕಾದ ಪ್ರಶ್ನೆಗಳಿವು. ಮಕ್ಕಳ ಎದುರು ಕೇಳಿದರೆ "ಬಿದ್ದಿಲ್ಲಪ್ಪ, ಸ್ವಲ್ಪ ಜಾರಿದೆ ಅಷ್ಟೇ" ಎಂಬ ಉತ್ತರವೇ ಬರುವುದು. ಹೊರಗೆ ಒಬ್ಬರೇ ಹೋಗಬಾರದೆಂದು ಕಟ್ಟಿಹಾಕುತ್ತಾರೆಂಬ ಅಂಜಿಕೆ ಅವರಿಗೆ. ಐದು ನಿಮಿಷ ನೀವು ಹೊರಗೆ ಕೂತರೆ ನಿಜ ಹೊರಬಂದೀತು.

ನಿಮ್ಮ ತಾಯಿಗೆ ಇನ್ನು ಅಂಕ ಹಾಕುವ ಅಗತ್ಯವೇ ಇಲ್ಲ. ಬಿದ್ದು ಪೆಟ್ಟಾದವರು ಹೆಚ್ಚು ಅಪಾಯದ ಗುಂಪಿನವರೇ ಎನ್ನುತ್ತದೆ ಅದೇ 2022ರ ಮಾರ್ಗಸೂಚಿ. ಕಣ್ಣು, ಪಾದದ ಸ್ಪರ್ಶಜ್ಞಾನ, ಮಾತ್ರೆ ಎಲ್ಲವನ್ನೂ ಒಟ್ಟಿಗೆ ನೋಡಲು ಹೇಳಿ. ಸಮತೋಲನದ ವ್ಯಾಯಾಮಕ್ಕೆ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಲಿ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದಿದೆಯಾದ್ದರಿಂದ ಮೂಳೆ ಸಾಂದ್ರತೆಯ ಪರೀಕ್ಷೆಯನ್ನೂ ಕೇಳಿ. ಪ್ಲಾಸ್ಟರ್ ಬಿಚ್ಚುವವರೆಗೆ ಕಾಯಬೇಕಿಲ್ಲ.

— ಸಂ.